ನೊಗದ ಹಾಗೆ ಓರೆಯಾದ ರೆಕ್ಕೆ: ಡಿಗ್ರಿ ಇಲ್ಲದ ಎಂಜಿನಿಯರ್ ಕಂಡ ವಿಮಾನ

ಎತ್ತಿನ ಗಾಡಿ ಹೊಡೆದವರಿಗೆ ಇದು ಗೊತ್ತು. ಜೋಡಿಯಲ್ಲಿ ಒಂದು ಎತ್ತು ಚುರುಕು, ಇನ್ನೊಂದು ಸೋಮಾರಿಯಾದರೆ ನೊಗ ನೆಟ್ಟಗೆ ನಿಲ್ಲುವುದಿಲ್ಲ. ಚುರುಕು ಎತ್ತಿನ ಕಡೆಯ ತುದಿ ಮುಂದೆ ಹೋಗುತ್ತದೆ, ಸೋಮಾರಿಯ ಕಡೆಯ ತುದಿ ಹಿಂದೆ ಉಳಿಯುತ್ತದೆ. ನೊಗವನ್ನು ಮೂಕಿಗೆ ನಟ್ಟನಡುವೆ ಒಂದೇ ಕಡೆ ಬಿಗಿದಿರುವುದರಿಂದ ಅದು ಹಾಗೆ ಓರೆಯಾಗಿ ತಿರುಗುತ್ತದೆ.

ಈಗ ಮೂಕಿಯ ಜಾಗದಲ್ಲಿ ವಿಮಾನದ ಉದ್ದನೆಯ ಒಡಲನ್ನು ಇಡಿ. ನೊಗದ ಜಾಗದಲ್ಲಿ ರೆಕ್ಕೆ ಇಡಿ. ರೆಕ್ಕೆಯ ಬಲತುದಿ ಮೂಗಿನ ಕಡೆಗೆ, ಎಡತುದಿ ಬಾಲದ ಕಡೆಗೆ ತಿರುಗಿದೆ. ಆ ವಿಮಾನ ಬೀಳದೆ ಹಾರುತ್ತಿದೆ.

ಇದು ನಿಜವಾಗಿ ನಡೆದದ್ದು. 1981ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮರುಭೂಮಿಯ ಮೇಲೆ ಎಡಿ-1 ಎಂಬ ಪುಟ್ಟ ಜೆಟ್ ವಿಮಾನ ತನ್ನ ರೆಕ್ಕೆಯನ್ನು 60 ಡಿಗ್ರಿ ಓರೆ ಮಾಡಿಕೊಂಡು ಹಾರಿತು. ಅದರ ಚಿತ್ರವನ್ನು ಫೋನಿನಲ್ಲಿ ಮೊದಲ ಸಲ ನೋಡಿದಾಗ ಯಾರೋ ಎಡಿಟ್ ಮಾಡಿದ ಫೋಟೋ ಅಂದುಕೊಂಡೆ. ಸುಳ್ಳು ಫೋಟೋ ಪತ್ತೆ ಮಾಡುವುದು ನಮ್ಮ ಓದಿನ ಭಾಗವೇ ಆಗಿತ್ತು ನೋಡಿ, ಹಾಗಾಗಿ ಅನುಮಾನ ಜಾಸ್ತಿ. ಹುಡುಕುತ್ತಾ ಹೋದರೆ ಫೋಟೋ ನಿಜ. ಅದರ ಹಿಂದೆ ಇನ್ನೂ ನಂಬಲಾಗದ ಒಬ್ಬ ಮನುಷ್ಯ ಸಿಕ್ಕಿದರು.

ಅವರ ಹೆಸರು ರಾಬರ್ಟ್ ಟಿ. ಜೋನ್ಸ್. ಹುಟ್ಟಿದ್ದು 1910ರಲ್ಲಿ, ಅಮೆರಿಕದ ಮಿಸ್ಸೌರಿ ರಾಜ್ಯದ ಮೇಕನ್ ಎಂಬ ಸಣ್ಣ ಊರಿನಲ್ಲಿ. ಸುತ್ತಮುತ್ತ ಹೊಲಗಳು. ಹುಡುಗನಿಗೆ ವಿಮಾನದ ಹುಚ್ಚು. ಸಿಕ್ಕ ವಿಮಾನ ಪತ್ರಿಕೆ, ಸಿಕ್ಕ ಸರ್ಕಾರಿ ಸಂಶೋಧನಾ ವರದಿ, ಎಲ್ಲ ಓದುತ್ತಿದ್ದ. ಹೈಸ್ಕೂಲ್ ಮುಗಿಸಿ ಮಿಸ್ಸೌರಿ ವಿಶ್ವವಿದ್ಯಾಲಯಕ್ಕೆ ಸೇರಿದ. ಒಂದೇ ವರ್ಷಕ್ಕೆ ಬಿಟ್ಟ. ಬಿಟ್ಟು ಹೋದದ್ದು ಮೇರಿ ಮೇಯರ್ ಎಂಬಾಕೆಯ ಹಾರಾಟದ ಸರ್ಕಸ್ ತಂಡಕ್ಕೆ. ಆ ಕಾಲದಲ್ಲಿ ಅಲ್ಲಿ ಇಂಥ ತಂಡಗಳು ಊರೂರಿಗೆ ಹೋಗಿ ವಿಮಾನದ ಕಸರತ್ತು ತೋರಿಸುತ್ತಿದ್ದವು. ಅಲ್ಲಿ ಇವನ ಕೆಲಸ ಪೆಟ್ರೋಲ್ ಹೊರುವುದು, ಹರಿದ ರೆಕ್ಕೆಗೆ ತೇಪೆ ಹಾಕುವುದು. ಸಂಬಳದ ಬದಲು ವಿಮಾನ ಹಾರಿಸುವ ಪಾಠ.

ಆಮೇಲೆ ಅದೇ ರಾಜ್ಯದ ಮಾರ್ಷಲ್ ಎಂಬ ಊರಿನ ನಿಕೋಲಸ್-ಬೀಸ್ಲಿ ಎಂಬ ಸಣ್ಣ ವಿಮಾನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ವಿಮಾನದ ಲೆಕ್ಕಾಚಾರ ಕಲಿತದ್ದು ಅಲ್ಲೇ. ಅಷ್ಟರಲ್ಲಿ 1930ರ ಆಸುಪಾಸಿನ ಮಹಾ ಆರ್ಥಿಕ ಕುಸಿತ ಬಂತು, ಆ ಕೆಲಸವೂ ಹೋಯಿತು. ಜೋನ್ಸ್ ಮರಳಿ ಮನೆಗೆ ಬಂದರು. ಕೆಲಸ ಹುಡುಕಿಕೊಂಡು, ನೆರೆಯವರ ಕಾರಿನಲ್ಲಿ ಕೂತು ರಾಜಧಾನಿ ವಾಷಿಂಗ್ಟನ್‌ಗೆ ಹೋದರು. ತಮ್ಮ ಕ್ಷೇತ್ರದ ಸಂಸತ್ ಸದಸ್ಯರ ಶಿಫಾರಸಿನಿಂದ ಸಿಕ್ಕಿದ್ದು ಸಂಸತ್ ಸದಸ್ಯರ ಕಚೇರಿಗಳಿದ್ದ ಕಟ್ಟಡದಲ್ಲಿ ಲಿಫ್ಟ್ ಓಡಿಸುವ ಕೆಲಸ. ಆಗಿನ ಲಿಫ್ಟಿನಲ್ಲಿ ನಾವೇ ಗುಂಡಿ ಒತ್ತಿಕೊಳ್ಳುವಂತಿರಲಿಲ್ಲ, ಒಳಗೊಬ್ಬ ಆಳು ನಿಂತು ಓಡಿಸಬೇಕಿತ್ತು. ದಿನವಿಡೀ ಮೇಲೆ, ಕೆಳಗೆ.

ಬಿಡುವು ಸಿಕ್ಕಾಗ ಜೋನ್ಸ್ ಅಲ್ಲಿನ ರಾಷ್ಟ್ರೀಯ ಗ್ರಂಥಾಲಯಕ್ಕೆ ಹೋಗುತ್ತಿದ್ದರು. ಅಲ್ಲಿ ವಿಮಾನ ವಿಭಾಗದ ಮುಖ್ಯಸ್ಥರಾಗಿದ್ದ ಆಲ್ಬರ್ಟ್ ಝಾಮ್ ಈ ಹುಡುಗನನ್ನು ಗಮನಿಸಿದರು. ಅವರ ಮೂಲಕ ಒಂದು ವಿಚಿತ್ರ ಟ್ಯೂಷನ್ ಗೊತ್ತಾಯಿತು. ಮೇರಿಲ್ಯಾಂಡ್‌ನ ಸಂಸತ್ ಸದಸ್ಯ ಡೇವಿಡ್ ಲೂಯಿಸ್ ಅವರಿಗೆ ಗಣಿತ ಕಲಿಯುವ ಆಸೆ. ಲೂಯಿಸ್ ಒಂಬತ್ತನೇ ವಯಸ್ಸಿಗೇ ಕಲ್ಲಿದ್ದಲು ಗಣಿಗೆ ಇಳಿದವರು, ತಾವಾಗಿ ಓದಿ ವಕೀಲರಾದವರು. ಶಾಲೆ ಕಾಣದ ಸಂಸತ್ ಸದಸ್ಯರಿಗೆ ಕಾಲೇಜು ಬಿಟ್ಟ ಲಿಫ್ಟ್ ಹುಡುಗ ಮೇಷ್ಟ್ರು! ಇಡೀ ಕಥೆಯಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದೇ.

ಸಂಜೆಗಳಲ್ಲಿ ಜೋನ್ಸ್ ಅಲ್ಲಿನ ಕ್ಯಾಥೊಲಿಕ್ ವಿಶ್ವವಿದ್ಯಾಲಯದಲ್ಲಿ ಮ್ಯಾಕ್ಸ್ ಮಂಕ್ ಎಂಬ ಜರ್ಮನ್ ವಿಜ್ಞಾನಿಯ ಪಾಠಕ್ಕೆ ಕೂರುತ್ತಿದ್ದರು. ರೆಕ್ಕೆಯ ಸುತ್ತ ಗಾಳಿ ಹೇಗೆ ಹರಿಯುತ್ತದೆ ಎಂಬ ಲೆಕ್ಕದಲ್ಲಿ ಮಂಕ್ ಆಗಿನ ಕಾಲದ ದೊಡ್ಡ ಹೆಸರು. ಸ್ನಾತಕೋತ್ತರ ವಿದ್ಯಾರ್ಥಿಗಳಿಗಿದ್ದ ಆ ತರಗತಿಯಲ್ಲಿ ಡಿಗ್ರಿಯೇ ಇಲ್ಲದ ಈತ ಕಲಿತ ವಿದ್ಯೆ ಮುಂದೆ ನೇರವಾಗಿ ಕೆಲಸಕ್ಕೆ ಬಂತು.

1934ರಲ್ಲಿ ಸರ್ಕಾರ ನಿರುದ್ಯೋಗ ನಿವಾರಣೆಗೆಂದು ಕೆಲವು ತಾತ್ಕಾಲಿಕ ಹುದ್ದೆ ತೆರೆಯಿತು. ಹಾಗೆ ಜೋನ್ಸ್ ವರ್ಜೀನಿಯಾದ ಲ್ಯಾಂಗ್ಲಿ ಪ್ರಯೋಗಾಲಯಕ್ಕೆ ಒಂಬತ್ತು ತಿಂಗಳ ಸಹಾಯಕರಾಗಿ ಸೇರಿದರು. ಅದು ಎನ್‌ಎಸಿಎ ಎಂಬ ಸರ್ಕಾರಿ ಸಂಸ್ಥೆಯದು. ಅದೇ ಸಂಸ್ಥೆ 1958ರಲ್ಲಿ ನಾಸಾ ಆಯಿತು. ಒಂಬತ್ತು ತಿಂಗಳು ಮುಗಿದರೂ ಅಲ್ಲಿನವರಿಗೆ ಇವರನ್ನು ಕಳಿಸಲು ಮನಸ್ಸಿಲ್ಲ. ಆದರೆ ಕಾಯಂ ಮಾಡಲು ನಿಯಮ ಅಡ್ಡ. ಎಂಜಿನಿಯರ್ ಹುದ್ದೆಯ ಮೊದಲ ಮೆಟ್ಟಿಲಿಗೆ ಡಿಗ್ರಿ ಕಡ್ಡಾಯ. ಹೊಟ್ಟೆ ತುಂಬ ವಿದ್ಯೆ ಇದೆ, ಕೈಯಲ್ಲಿ ಕಾಗದ ಇಲ್ಲ.

ಯಾರೋ ಜಾಣರು ನಿಯಮದ ಪುಸ್ತಕ ತೆಗೆದು ನೋಡಿದರು. ಮೊದಲ ಮೆಟ್ಟಿಲಿಗೆ ಡಿಗ್ರಿ ಬೇಕು ಎಂದು ಬರೆದಿತ್ತು. ಎರಡನೇ ಮೆಟ್ಟಿಲಿಗೆ ಹಾಗೆಂದು ಬರೆದಿರಲಿಲ್ಲ. ಮೊದಲನೆಯದನ್ನು ದಾಟಿಯೇ ತಾನೇ ಅಲ್ಲಿಗೆ ಬರುವುದು ಎಂದು ನಿಯಮ ಬರೆದವರು ಬಿಟ್ಟಿದ್ದಿರಬೇಕು. 1936ರಲ್ಲಿ ಜೋನ್ಸ್ ಅವರನ್ನು ನೇರವಾಗಿ ಎರಡನೇ ಮೆಟ್ಟಿಲಿಗೇ ಏರಿಸಿದರು. ನಮ್ಮ ಕಡೆಯ ತಾಲ್ಲೂಕು ಕಚೇರಿಗಳಿಗೆ ಅಲೆದವರಿಗೆ ಈ ಸಂಗತಿ ಕೇಳಿ ನಗು ಬರಬಹುದು, ಸ್ವಲ್ಪ ಹೊಟ್ಟೆಕಿಚ್ಚೂ ಆಗಬಹುದು.

ಇನ್ನು ರೆಕ್ಕೆಯ ವಿಷಯಕ್ಕೆ ಬರೋಣ.

ಆಗಿನ ವಿಮಾನಗಳ ರೆಕ್ಕೆ ಒಡಲಿಗೆ ಅಡ್ಡಲಾಗಿ ನೆಟ್ಟಗಿರುತ್ತಿತ್ತು. ಎರಡನೇ ಮಹಾಯುದ್ಧದ ಹೊತ್ತಿಗೆ ವಿಮಾನಗಳು ಶಬ್ದದ ವೇಗದ ಹತ್ತಿರ ಬರತೊಡಗಿದವು. ನೆಲಮಟ್ಟದಲ್ಲಿ ಅದು ಗಂಟೆಗೆ ಸುಮಾರು 1,200 ಕಿಲೋಮೀಟರ್. ಅಲ್ಲಿ ಒಂದು ತೊಂದರೆ ಕಾದಿತ್ತು. ಜಾತ್ರೆಯ ಗದ್ದಲದಲ್ಲಿ ನಿಧಾನಕ್ಕೆ ಬೈಕ್ ಓಡಿಸುತ್ತಾ ಹಾರ್ನ್ ಹೊಡೆದರೆ ಜನ ಪಕ್ಕಕ್ಕೆ ಸರಿದು ದಾರಿ ಬಿಡುತ್ತಾರೆ. ಹಾರ್ನಿನ ಸದ್ದೂ ಬೈಕೂ ಒಟ್ಟಿಗೇ ಬಂದುಬಿಟ್ಟರೆ? ಸರಿಯಲು ಯಾರಿಗೂ ಹೊತ್ತಿರುವುದಿಲ್ಲ. ಗಾಳಿಯದ್ದೂ ಹಾಗೆಯೇ. ವಿಮಾನ ಬರುತ್ತಿದೆ ಎಂಬ ಸುದ್ದಿ ಗಾಳಿಗೆ ಮುಟ್ಟುವುದು ಶಬ್ದದ ವೇಗದಲ್ಲಿ. ವಿಮಾನವೂ ಅದೇ ವೇಗಕ್ಕೆ ಬಂದರೆ ಗಾಳಿ ಸರಿಯಲಾರದೆ ಒತ್ತೊತ್ತಾಗಿ ಗೋಡೆಯಂತೆ ನಿಲ್ಲುತ್ತದೆ. ತಡೆ ಒಮ್ಮೆಗೇ ಹೆಚ್ಚುತ್ತದೆ, ವಿಮಾನ ಅದುರುತ್ತದೆ.

ರೆಕ್ಕೆಯನ್ನು ಓರೆ ಮಾಡಿದರೆ ಈ ತೊಂದರೆ ಮುಂದಕ್ಕೆ ಹೋಗುತ್ತದೆ. ಏಕೆ ಎಂಬುದನ್ನು ಕೆರೆ ಏರಿಯ ಮೇಲೆ ಗಾಡಿ ಹತ್ತಿಸಿದವರು ಬೇಗ ಹಿಡಿಯುತ್ತಾರೆ. ತುಂಬಿದ ಗಾಡಿಯನ್ನು ಯಾರೂ ಏರಿಯ ಮೇಲೆ ನೆಟ್ಟಗೆ ಹತ್ತಿಸುವುದಿಲ್ಲ, ಓರೆಯಾಗಿ ಹತ್ತಿಸುತ್ತಾರೆ. ಏರಿಯ ಎತ್ತರ ಅಷ್ಟೇ ಇದ್ದರೂ ಎತ್ತುಗಳಿಗೆ ಅದು ಅಷ್ಟು ಕಡಿದಾಗಿ ಕಾಣುವುದಿಲ್ಲ. ಓರೆ ರೆಕ್ಕೆಯನ್ನು ದಾಟುವ ಗಾಳಿಗೂ ರೆಕ್ಕೆಯ ಉಬ್ಬು ಹಾಗೆಯೇ ತೆಳ್ಳಗೆ ಕಾಣುತ್ತದೆ. ಲೆಕ್ಕದ ಭಾಷೆಯಲ್ಲಿ ಹೇಳುವುದಾದರೆ, ರೆಕ್ಕೆಯ ಅಂಚಿಗೆ ನೇರವಾಗಿ ಬಡಿಯುವ ಗಾಳಿಯ ಪಾಲು ಮಾತ್ರ ಮುಖ್ಯ, ಅಂಚಿನ ಉದ್ದಕ್ಕೆ ಜಾರಿಹೋಗುವ ಪಾಲು ಲೆಕ್ಕಕ್ಕಿಲ್ಲ. 60 ಡಿಗ್ರಿ ಓರೆ ಮಾಡಿದರೆ ನೇರವಾಗಿ ಬಡಿಯುವ ಪಾಲು ಅರ್ಧಕ್ಕೆ ಇಳಿಯುತ್ತದೆ. ವಿಮಾನ ಗಂಟೆಗೆ 1,000 ಕಿ.ಮೀ. ಹೋಗುತ್ತಿದ್ದರೂ ರೆಕ್ಕೆಗೆ ತಾನು 500ರಲ್ಲಿ ಇದ್ದಂತೆ.

ಜೋನ್ಸ್ ಇದನ್ನು ಕಂಡುಕೊಂಡದ್ದು 1945ರ ಜನವರಿಯಲ್ಲಿ. ಬಾಣದ ಮೊನೆಯಂತಹ ರೆಕ್ಕೆಯ ಒಂದು ಬಾಂಬಿನ ಲೆಕ್ಕ ಮಾಡುತ್ತಿದ್ದಾಗ, ಗುರು ಮಂಕ್ ಬಹಳ ಹಿಂದೆ ಮಾಡಿದ್ದ ಲೆಕ್ಕವೊಂದು ಅವರ ನೆನಪಿಗೆ ಬಂತು. ಅದನ್ನೇ ಮುಂದುವರಿಸಿ, ಎರಡೂ ರೆಕ್ಕೆಗಳನ್ನು ಹಿಂದಕ್ಕೆ ಬಾಗಿಸಿದರೆ ಶಬ್ದದ ವೇಗದ ತೊಂದರೆ ತಗ್ಗುತ್ತದೆ ಎಂದು ಬರೆದರು.

ವರದಿ ಪ್ರಕಟವಾಗಲು ಸಂಸ್ಥೆಯ ಒಳಗಿನ ಹಿರಿಯರು ಒಪ್ಪಬೇಕಿತ್ತು. ಥಿಯೋಡೋರ್ ಥಿಯೋಡೋರ್ಸನ್ ಎಂಬ ದೊಡ್ಡ ವಿಜ್ಞಾನಿ ಒಪ್ಪಲಿಲ್ಲ. ಇದು ಊಹೆಯ ಮೇಲೆ ನಿಂತಿದೆ, ಗಟ್ಟಿ ಗಣಿತ ಬೇಕು ಎಂಬುದು ಅವರ ವಾದ. ಥಿಯೋಡೋರ್ಸನ್ ಅವರನ್ನು ಖಳನಾಯಕ ಮಾಡುವುದು ಸುಲಭ, ಆದರೆ ಹೊಸ ವಿಚಾರಕ್ಕೆ ಪುರಾವೆ ಕೇಳುವುದು ಅವರ ಕೆಲಸವೇ ಆಗಿತ್ತು. ಪ್ರಯೋಗಗಳು ನಡೆದು ಜೋನ್ಸ್ ಲೆಕ್ಕ ಸರಿ ಎಂದು ಕಂಡ ಮೇಲೆ, ಅದೇ ವರ್ಷದ ಬೇಸಿಗೆಯಲ್ಲಿ ವರದಿ ಹೊರಬಂತು.

ಅಷ್ಟರಲ್ಲಿ ಯುರೋಪಿನಲ್ಲಿ ಯುದ್ಧ ಮುಗಿದಿತ್ತು. ಮೇ ತಿಂಗಳಲ್ಲಿ ಅಮೆರಿಕದ ವಿಜ್ಞಾನಿಗಳ ತಂಡವೊಂದು ಸೋತ ಜರ್ಮನಿಯ ಬ್ರೌನ್‌ಶ್ವೈಗ್ ಹತ್ತಿರದ ಗುಪ್ತ ಪ್ರಯೋಗಾಲಯಕ್ಕೆ ಹೋಯಿತು. ಅಲ್ಲಿ ನೋಡಿದರೆ ಹಿಂದಕ್ಕೆ ಬಾಗಿದ ರೆಕ್ಕೆಗಳ ಮಾದರಿಗಳು, ಅಳತೆಗಳು, ವರ್ಷಗಟ್ಟಲೆ ಮಾಡಿದ ಪ್ರಯೋಗಗಳ ಕಡತಗಳು. ನಿಜ ಹೇಳಬೇಕೆಂದರೆ ಅಡಾಲ್ಫ್ ಬುಸೆಮನ್ ಎಂಬ ಜರ್ಮನ್ ವಿಜ್ಞಾನಿ ಈ ವಿಚಾರವನ್ನು 1935ರಲ್ಲೇ ರೋಮ್ ನಗರದ ಸಮ್ಮೇಳನದಲ್ಲಿ ಎಲ್ಲರ ಮುಂದೆ ಹೇಳಿದ್ದರು. ಬೇರೆ ದೇಶಗಳವರು ಕೇಳಿ ಮರೆತರು. ಜರ್ಮನಿ ಮಾತ್ರ ಅದನ್ನು ಗುಟ್ಟಾಗಿ ಮುಂದುವರಿಸಿತು. ಹಾಗಾಗಿ ಮೊದಲು ಹೇಳಿದವರು ಬುಸೆಮನ್, ಅದೇನೂ ಗೊತ್ತಿಲ್ಲದೆ ತಾವಾಗಿ ಕಂಡುಕೊಂಡವರು ಜೋನ್ಸ್. ಜರ್ಮನಿಗೆ ಹೋದ ತಂಡದಲ್ಲಿದ್ದ ಬೋಯಿಂಗ್ ಕಂಪನಿಯ ಜಾರ್ಜ್ ಶೈರರ್ ಕೂಡಲೇ ತಮ್ಮ ಕಂಪನಿಗೆ ಪತ್ರ ಬರೆದರು. ಆಗ ತಯಾರಾಗುತ್ತಿದ್ದ ಬಿ-47 ಬಾಂಬರ್‌ಗೆ ಬಾಗಿದ ರೆಕ್ಕೆ ಬಂತು, 1947ರ ಡಿಸೆಂಬರ್‌ನಲ್ಲಿ ಅದು ಹಾರಿತು. ಇವತ್ತು ನಮ್ಮ ಊರಿನ ಮೇಲೆ ಬಿಳಿ ಗೆರೆ ಎಳೆದುಕೊಂಡು ಹೋಗುವ ದೊಡ್ಡ ಜೆಟ್ ವಿಮಾನಗಳೆಲ್ಲ ಹಿಂದಕ್ಕೆ ಬಾಗಿದ ರೆಕ್ಕೆಯವೇ.

ಬಾಗಿದ ರೆಕ್ಕೆಗೆ ಒಂದು ಕೊರತೆ ಇದೆ. ವೇಗದಲ್ಲಿ ಚೆನ್ನ, ನಿಧಾನದಲ್ಲಿ ಕಷ್ಟ. ಏರುವಾಗ, ಇಳಿಯುವಾಗ ನೆಟ್ಟಗಿನ ಉದ್ದ ರೆಕ್ಕೆಯಷ್ಟು ಸುಲಭವಾಗಿ ವಿಮಾನವನ್ನು ಎತ್ತಿ ಹಿಡಿಯುವುದಿಲ್ಲ. ಉದ್ದನೆಯ ರನ್‌ವೇ ಬೇಕು, ಹೆಚ್ಚು ಇಂಧನ ಬೇಕು. ಹಾಗಾದರೆ ಇಳಿಯುವಾಗ ನೆಟ್ಟಗೆ, ಓಡುವಾಗ ಓರೆ ಮಾಡಿಕೊಳ್ಳಬಹುದಾದ ರೆಕ್ಕೆ ಇದ್ದರೆ? ಈ ಆಸೆಯಿಂದ ಹುಟ್ಟಿದ್ದು ಎರಡೂ ಕಡೆ ಬೇರೆ ಬೇರೆ ಕೀಲು ಇಟ್ಟು, ಎರಡೂ ರೆಕ್ಕೆಗಳನ್ನು ಹಕ್ಕಿಯಂತೆ ಹಿಂದಕ್ಕೆ ಮಡಿಸುವ ವಿಮಾನಗಳು. ಅಮೆರಿಕದ ಎಫ್-111 ಅಂಥದ್ದು, ಮೊದಲು ಹಾರಿದ್ದು 1964ರಲ್ಲಿ.

ಅದರ ಕಷ್ಟ ಭಾರದ್ದು. ಎರಡೂ ಕೈಗಳನ್ನು ಪಕ್ಕಕ್ಕೆ ಚಾಚಿ ಒಂದೊಂದು ಕೈಯಲ್ಲಿ ಒಂದೊಂದು ಕೊಡ ಹಿಡಿದು ನಿಲ್ಲಿ. ಎರಡು ನಿಮಿಷಕ್ಕೆ ಭುಜದ ಕೀಲು ಕಿತ್ತುಬರುತ್ತದೆ. ಮಡಿಸುವ ರೆಕ್ಕೆಯ ಎರಡೂ ಕೀಲುಗಳ ಗತಿ ಅದೇ. ಅವನ್ನು ದಪ್ಪ ಲೋಹದಲ್ಲಿ ಮಾಡಬೇಕು, ತೂಕ ಏರುತ್ತದೆ. ಮೇಲಾಗಿ ಎರಡೂ ರೆಕ್ಕೆ ಒಟ್ಟಿಗೆ ಹಿಂದೆ ಹೋದಾಗ ವಿಮಾನವನ್ನು ಎತ್ತುವ ಶಕ್ತಿಯ ನಡುಬಿಂದುವೂ ಹಿಂದೆ ಹೋಗಿ ಮೂಗು ಕೆಳಗೆ ಬೀಳಲು ನೋಡುತ್ತದೆ.

ಅದೇ ಎರಡು ಕೊಡಗಳನ್ನು ಕಾವಡಿಗೆ ಕಟ್ಟಿ ಹೆಗಲ ಮೇಲೆ ಇಟ್ಟುಕೊಳ್ಳಿ. ಭಾರ ಅಷ್ಟೇ, ಆದರೆ ಬಾಗುವ ಕಷ್ಟವನ್ನೆಲ್ಲ ಕಾವಡಿಯ ಕೋಲು ತಡೆದುಕೊಳ್ಳುತ್ತದೆ. ಹೆಗಲಿಗೆ ಬರೀ ತೂಕ. ಜೋನ್ಸ್ ಅವರ ಓರೆ ರೆಕ್ಕೆ ಈ ಕಾವಡಿ. ತುದಿಯಿಂದ ತುದಿಗೆ ಒಂದೇ ರೆಕ್ಕೆ, ನಡುವೆ ಒಂದೇ ಕೀಲು. ತಿರುಗಿಸಿದಾಗ ಒಂದು ಅರ್ಧ ಮುಂದೆ ಹೋದಷ್ಟೇ ಇನ್ನೊಂದು ಅರ್ಧ ಹಿಂದೆ ಹೋಗುವುದರಿಂದ ನಡುಬಿಂದು ಜಾಗ ಬಿಡುವುದಿಲ್ಲ. ಇನ್ನೊಂದು ಲಾಭವೂ ಇತ್ತು, ಜೋನ್ಸ್ ಅವರಿಗೆ ಅದೇ ದೊಡ್ಡದಾಗಿ ಕಂಡದ್ದು. ಶಬ್ದಕ್ಕಿಂತ ವೇಗವಾಗಿ ಹೋಗುವಾಗ ವಿಮಾನದ ಭಾರವನ್ನು ಎಷ್ಟು ಉದ್ದಕ್ಕೆ ಹರಡಿ ಹೊತ್ತರೆ ಅಷ್ಟು ಕಡಿಮೆ ತಡೆ. ಓರೆ ರೆಕ್ಕೆ ಮೂಗಿನ ಕಡೆಯಿಂದ ಬಾಲದ ಕಡೆಯವರೆಗೆ ಚಾಚಿಕೊಂಡಿರುವುದರಿಂದ ಅದನ್ನು ಚೆನ್ನಾಗಿ ಮಾಡುತ್ತದೆ. 1950ರ ದಶಕದಲ್ಲಿ ಅವರು ಇದನ್ನು ಲೆಕ್ಕ ಹಾಕಿ ತೋರಿಸಿದರು.

ಈ ವಿಚಾರದಲ್ಲೂ ಜೋನ್ಸ್ ಒಬ್ಬರೇ ಮೊದಲಿಗರಲ್ಲ. ಯುದ್ಧದ ಕೊನೆಯಲ್ಲಿ, 1944ರಲ್ಲಿ, ಜರ್ಮನಿಯ ಬ್ಲೋಮ್ ಉಂಡ್ ಫೋಸ್ ಕಂಪನಿಯ ರಿಚರ್ಡ್ ಫೋಗ್ಟ್ ಇಂಥ ಒಂದು ಯುದ್ಧವಿಮಾನದ ನಕ್ಷೆ ಮಾಡಿದ್ದರು. ಹೆಸರು ಪಿ.202. ಫೋಗ್ಟ್ ಅವರಿಗೆ ಎಡ-ಬಲ ಸಮ ಇರಲೇಬೇಕು ಎಂಬ ಹಟವೇ ಇರಲಿಲ್ಲ. ಪೈಲಟ್ ಕೂರುವ ಜಾಗವನ್ನು ಎಂಜಿನ್‌ನಿಂದ ಬೇರೆ ಮಾಡಿ ಪಕ್ಕಕ್ಕೆ ಇಟ್ಟ ಬಿವಿ 141 ಎಂಬ ವಿಮಾನವನ್ನು ಅವರು ಆಗಲೇ ಹಾರಿಸಿದ್ದರು. ಪಿ.202 ಮಾತ್ರ ಕಾಗದದಲ್ಲೇ ಉಳಿಯಿತು. ಯುದ್ಧ ಮುಗಿದ ಕೂಡಲೇ ಲ್ಯಾಂಗ್ಲಿಯಲ್ಲಿ ಜೋನ್ಸ್ ಅವರ ಸಹೋದ್ಯೋಗಿಗಳು ಓರೆ ರೆಕ್ಕೆಯ ಮಾದರಿಯೊಂದನ್ನು ಗಾಳಿ ಸುರಂಗದಲ್ಲಿ ಹಾರಿಸಿ ನೋಡಿದರು. 40 ಡಿಗ್ರಿವರೆಗೆ ತಿರುಗಿಸಿದರೂ ಹತೋಟಿಗೆ ದೊಡ್ಡ ತೊಂದರೆ ಆಗುವುದಿಲ್ಲ ಎಂದು 1947ರ ವರದಿ ಹೇಳಿತು. ಆಮೇಲೆ ಬ್ರಿಟನ್ನಿನ ಹ್ಯಾಂಡ್ಲಿ ಪೇಜ್ ಕಂಪನಿಯ ಗಾಡ್‌ಫ್ರೀ ಲೀ ಕೂಡ ಓರೆ ರೆಕ್ಕೆಯ ಪ್ರಯಾಣಿಕ ವಿಮಾನದ ಯೋಚನೆ ಮಾಡಿದರು. ಅದೂ ನಕ್ಷೆಯಿಂದ ಮುಂದೆ ಹೋಗಲಿಲ್ಲ.

ಯಾಕೆ ಯಾರೂ ಕಟ್ಟಲಿಲ್ಲ? ತಾಂತ್ರಿಕ ಕಾರಣಗಳು ಇದ್ದವು, ಮುಂದೆ ಹೇಳುತ್ತೇನೆ. ಆದರೆ ಕಣ್ಣಿನ ಕಾರಣವೂ ಒಂದಿತ್ತು ಎಂದು ನನಗನ್ನಿಸುತ್ತದೆ. ಹಕ್ಕಿಗೆ ಎರಡೂ ಕಡೆ ಒಂದೇ ತರದ ರೆಕ್ಕೆ, ಮೀನಿಗೂ ಹಾಗೆ, ನಮಗೂ ಎರಡು ಕೈ. ಎಡ-ಬಲ ಸಮ ಇಲ್ಲದ್ದನ್ನು ಕಂಡರೆ ಇದೇನೋ ಮುರಿದಿದೆ ಅನ್ನಿಸುತ್ತದೆ. ಲೆಕ್ಕ ಎಷ್ಟೇ ಸರಿಯಿದ್ದರೂ ಹಣ ಕೊಡುವವರು ಮೊದಲು ನೋಡುವುದು ಚಿತ್ರವನ್ನೇ.

ಜೋನ್ಸ್ 1946ರಲ್ಲಿ ಕ್ಯಾಲಿಫೋರ್ನಿಯಾದ ಏಮ್ಸ್ ಪ್ರಯೋಗಾಲಯಕ್ಕೆ ಹೋಗಿದ್ದರು. 1963ರಲ್ಲಿ ಆ ಕೆಲಸವನ್ನೂ ಬಿಟ್ಟು ಬಾಸ್ಟನ್ ಹತ್ತಿರದ ಒಂದು ಕಂಪನಿ ಸೇರಿ, ಹೃದಯಕ್ಕೆ ನೆರವಾಗುವ ರಕ್ತದ ಪಂಪುಗಳ ಕೆಲಸ ಮಾಡಿದರು. ಗಾಳಿ ಹರಿಯುವ ಲೆಕ್ಕ ಗೊತ್ತಿದ್ದವರಿಗೆ ರಕ್ತ ಹರಿಯುವ ಲೆಕ್ಕ ದೂರವೇನಲ್ಲ. ಬಿಡುವಿನಲ್ಲಿ ಪಿಟೀಲು ತಯಾರಿಸುತ್ತಿದ್ದರು, ಅದರ ಮರ ಹೇಗೆ ಮಿಡಿಯುತ್ತದೆ ಎಂದು ಅಳೆದು ನೋಡುತ್ತಿದ್ದರು. 1970ರಲ್ಲಿ ಏಮ್ಸ್‌ಗೆ ವಾಪಸ್ ಬಂದಾಗ ಅವರಿಗೆ ಅರವತ್ತು. ಬಂದವರೇ ಕೈಗೆತ್ತಿಕೊಂಡದ್ದು 25 ವರ್ಷ ಹಳೆಯ ಓರೆ ರೆಕ್ಕೆಯನ್ನು. ಮರು ವರ್ಷ ಕೊಲರಾಡೊ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಮಧ್ಯದ ಯಾವ ಡಿಗ್ರಿಯೂ ಇಲ್ಲದೆ ನೇರವಾಗಿ ಡಾಕ್ಟರ್. ಇಲ್ಲೂ ಮೊದಲ ಮೆಟ್ಟಿಲು ಹತ್ತಲೇ ಇಲ್ಲ ನೋಡಿ!

ಕಾಲವೂ ಕೂಡಿಬಂದಿತ್ತು. ಶಬ್ದಕ್ಕಿಂತ ವೇಗದ ಪ್ರಯಾಣಿಕ ವಿಮಾನ ಕಟ್ಟಲು ಹೊರಟ ಬೋಯಿಂಗ್ ಮೊದಲು ಎರಡು ಕೀಲಿನ ಮಡಿಸುವ ರೆಕ್ಕೆ ಆರಿಸಿಕೊಂಡು, ತೂಕ ತಾಳಲಾರದೆ 1968ರಲ್ಲಿ ಅದನ್ನು ಕೈಬಿಟ್ಟಿತ್ತು. 1971ರಲ್ಲಿ ಇಡೀ ಯೋಜನೆಯೇ ನಿಂತಿತು. ಅಂಥ ವಿಮಾನ ಹೋಗುವಾಗ ನೆಲದ ಮೇಲೆ ಕೇಳುವ ಗುಡುಗಿನಂಥ ಸಿಡಿತಕ್ಕೆ ಜನ ರೊಚ್ಚಿಗೆದ್ದಿದ್ದರು. 1973ರಲ್ಲಿ ಅಮೆರಿಕ ತನ್ನ ನೆಲದ ಮೇಲೆ ಅಂಥ ಪ್ರಯಾಣಿಕ ವಿಮಾನಗಳ ಹಾರಾಟವನ್ನು ನಿಷೇಧಿಸಿತು. ಜೋನ್ಸ್ ಹೇಳಿದ್ದು ಇಷ್ಟು: ಶಬ್ದದ ವೇಗದ ಆಚೆಗೆ ತುಂಬ ದೂರ ಹೋಗುವುದು ಬೇಡ. ಶಬ್ದದ ವೇಗದ ಆಸುಪಾಸಿನಲ್ಲೇ, ಅಥವಾ ಸ್ವಲ್ಪವೇ ಮೇಲೆ, ಓರೆ ರೆಕ್ಕೆಯಲ್ಲಿ ಹೋದರೆ ಇಂಧನವೂ ಉಳಿಯುತ್ತದೆ, ನೆಲದವರಿಗೆ ಸಿಡಿತದ ಕಾಟವೂ ಇರುವುದಿಲ್ಲ.

1976ರಲ್ಲಿ ಪೈಲಟ್ ಇಲ್ಲದ, ದೂರದಿಂದ ನಡೆಸುವ ಮಾದರಿಯೊಂದು ಹಾರಿತು. ಮನುಷ್ಯ ಕೂತು ಹಾರಿಸುವ ವಿಮಾನ ಆಮೇಲೆ. ಅದೇ ಎಡಿ-1. ಏಮ್ಸ್ ಮತ್ತು ಡ್ರೈಡನ್ ಎಂಬ ಎರಡು ನಾಸಾ ಕೇಂದ್ರಗಳ ಮೊದಲಕ್ಷರ ಸೇರಿಸಿ ಇಟ್ಟ ಹೆಸರು. ನಾಸಾ ಎಂದರೆ ಕೋಟಿಗಟ್ಟಲೆ ಡಾಲರ್ ಎಂದು ನಾವು ಅಂದುಕೊಳ್ಳುತ್ತೇವೆ. ಇದನ್ನು ಕಟ್ಟಿದ್ದು ಸುಮಾರು 2,40,000 ಡಾಲರ್‌ಗೆ. ವಿವರವಾದ ವಿನ್ಯಾಸ ಮಾಡಿದ್ದು ಬರ್ಟ್ ರುಟಾನ್ ಅವರ ಸಣ್ಣ ಕಂಪನಿ. ಮೈಯೆಲ್ಲ ಫೈಬರ್‌ಗ್ಲಾಸ್, ಒಳಗೆ ಗಟ್ಟಿ ಫೋಮ್. ಖಾಲಿ ತೂಕ ಸುಮಾರು 660 ಕಿಲೋ, ಅಂದರೆ ಟ್ರ್ಯಾಕ್ಟರ್‌ನ ಅರ್ಧ ತೂಕವೂ ಇಲ್ಲ. ಉದ್ದ ಹನ್ನೆರಡು ಮೀಟರ್‌ಗೆ ಸ್ವಲ್ಪ ಕಡಿಮೆ. ರೆಕ್ಕೆ ನೆಟ್ಟಗಿದ್ದಾಗ ಅಗಲ ಹತ್ತು ಮೀಟರ್‌ನಷ್ಟು, ಪೂರ್ತಿ ತಿರುಗಿಸಿದಾಗ ಐದು. ಎರಡು ಪುಟಾಣಿ ಜೆಟ್ ಎಂಜಿನ್. ಸುರಕ್ಷತೆಗೆಂದು ವೇಗವನ್ನು ಗಂಟೆಗೆ ಸುಮಾರು 270 ಕಿ.ಮೀ.ಗೆ ಮಿತಿಗೊಳಿಸಿದ್ದರು. ಶಬ್ದದ ವೇಗದ ಕಾಲು ಭಾಗಕ್ಕಿಂತ ಕಡಿಮೆ ಅದು. ಅಂದರೆ ಓರೆ ರೆಕ್ಕೆಯ ನಿಜವಾದ ಲಾಭ ಇದರಲ್ಲಿ ಕಾಣುವಂತೆಯೇ ಇರಲಿಲ್ಲ. ಉತ್ತರ ಬೇಕಿದ್ದದ್ದು ಬೇರೆ ಪ್ರಶ್ನೆಗೆ: ಇಂಥದ್ದನ್ನು ಮನುಷ್ಯ ಹತೋಟಿಯಲ್ಲಿ ಇಟ್ಟುಕೊಳ್ಳಬಹುದೇ?

1979ರ ಡಿಸೆಂಬರ್ 21ರಂದು ಟಾಮ್ ಮೆಕ್‌ಮರ್ಟ್ರಿ ಎಂಬ ಪೈಲಟ್ ಅದನ್ನು ಮೊದಲ ಸಲ ಹಾರಿಸಿದರು. ರೆಕ್ಕೆಯನ್ನು ಒಂದೇ ಸಲ ತಿರುಗಿಸಲಿಲ್ಲ. ಹಾರಾಟದಿಂದ ಹಾರಾಟಕ್ಕೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತಾ, ಪ್ರತಿ ಸಲ ಅಳತೆ ತೆಗೆದುಕೊಳ್ಳುತ್ತಾ ಹೋದರು. 60 ಡಿಗ್ರಿ ಮುಟ್ಟಿದ್ದು 1981ರಲ್ಲಿ. ಒಟ್ಟು 79 ಹಾರಾಟ, ಒಂದೂ ಅಪಘಾತವಿಲ್ಲ.

ಉತ್ತರ ಅರ್ಧ ಸಿಹಿ, ಅರ್ಧ ಕಹಿ. 45 ಡಿಗ್ರಿವರೆಗೆ ವಿಮಾನ ಹೆಚ್ಚು ತಂಟೆ ಮಾಡಲಿಲ್ಲ. ಅಲ್ಲಿಂದಾಚೆ ಹಟ ಹಿಡಿಯಿತು. ಮಾಮೂಲಿ ವಿಮಾನದಲ್ಲಿ ಮೂಗು ಎತ್ತುವುದು ಬೇರೆ, ಪಕ್ಕಕ್ಕೆ ವಾಲುವುದು ಬೇರೆ. ಇಲ್ಲಿ ಅವೆರಡೂ ಒಂದಕ್ಕೊಂದು ತಗುಲಿಕೊಂಡವು. ಪೈಲಟ್ ಮೂಗು ಎತ್ತಲು ಹೋದರೆ ವಿಮಾನ ಪಕ್ಕಕ್ಕೂ ವಾಲುತ್ತಿತ್ತು. ಫೈಬರ್‌ಗ್ಲಾಸ್ ರೆಕ್ಕೆ ಗಾಳಿಯಲ್ಲಿ ಬಳುಕುವಾಗ ಮುಂದಿನ ಅರ್ಧ ಒಂದು ತರ, ಹಿಂದಿನ ಅರ್ಧ ಇನ್ನೊಂದು ತರ ಬಳುಕುತ್ತಿತ್ತು. ಪೈಲಟ್‌ನ ಕೈಗೂ ರೆಕ್ಕೆಗೂ ನಡುವೆ ಸರಿದೂಗಿಸುವ ಕಂಪ್ಯೂಟರ್ ಇರಲಿಲ್ಲ. ಅಗ್ಗದ ವಿಮಾನದಲ್ಲಿ ಅದಕ್ಕೆ ಜಾಗವೂ ಇರಲಿಲ್ಲ, ಹಣವೂ ಇರಲಿಲ್ಲ. ಇನ್ನೂ ಗಡುಸಾದ ರೆಕ್ಕೆ ಮತ್ತು ಕಂಪ್ಯೂಟರ್ ಹತೋಟಿ ಇದ್ದರೆ ಈ ತಂಟೆಯನ್ನು ಪಳಗಿಸಬಹುದು ಎಂಬುದು ಪ್ರಯೋಗ ಮಾಡಿದವರ ಅಭಿಪ್ರಾಯ.

ಮುಂದಿನ ಹೆಜ್ಜೆ ಅದೇ ಆಗಬೇಕಿತ್ತು. ನಾಸಾ ಬಳಿ ಕಂಪ್ಯೂಟರ್ ಹತೋಟಿಯ ಎಫ್-8 ಎಂಬ ಯುದ್ಧವಿಮಾನ ಇತ್ತು, ಶಬ್ದಕ್ಕಿಂತ ವೇಗವಾಗಿ ಹೋಗಬಲ್ಲದ್ದು. ಅದಕ್ಕೆ ಓರೆ ರೆಕ್ಕೆ ಕೂರಿಸಲು ನೌಕಾಪಡೆಯ ಜೊತೆ ಸೇರಿ ಯೋಜನೆ ಹಾಕಿದರು, ನಕ್ಷೆ ತಯಾರಾಯಿತು. 1980ರ ದಶಕ ಮುಗಿಯುವ ಮೊದಲೇ ಅದನ್ನು ಕೈಬಿಟ್ಟರು. ಎಡಿ-1 ಕೇಳಿದ ಪ್ರಶ್ನೆಗೆ ಪೂರ್ತಿ ಉತ್ತರ ಕೊಡಬೇಕಿದ್ದ ವಿಮಾನ ಹುಟ್ಟಲೇ ಇಲ್ಲ. ಈ ಇತಿಹಾಸದಲ್ಲಿ ನನಗೆ ಬೇಸರ ತರಿಸುವ ಜಾಗ ಇದು. ಪ್ರಯೋಗ ಮಾಡಿ ಸೋತಿದ್ದರೆ ಒಂದು ಮಾತು, ಪ್ರಯೋಗವನ್ನೇ ಮಾಡಲಿಲ್ಲ.

ವಿಚಾರ ಪೂರ್ತಿ ಸಾಯಲಿಲ್ಲ ಅನ್ನಿ. ಒಡಲೂ ಇಲ್ಲ, ಬಾಲವೂ ಇಲ್ಲ, ಬರೀ ಓರೆಯಾದ ಒಂದು ದೊಡ್ಡ ರೆಕ್ಕೆ, ಅದರೊಳಗೇ ಪ್ರಯಾಣಿಕರು ಎಂಬ ಇನ್ನೂ ವಿಚಿತ್ರ ಕನಸನ್ನು ಕೆಲವರು ಹಿಡಿದರು. 1994ರಲ್ಲಿ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದವರು ಸುಮಾರು ಆರು ಮೀಟರ್ ಉದ್ದದ ಅಂಥ ಮಾದರಿಯನ್ನು ದೂರದಿಂದ ನಡೆಸಿ ಹಾರಿಸಿದರು, ಕಂಪ್ಯೂಟರ್ ಹತೋಟಿಯಲ್ಲಿ. ಆಗ ಜೋನ್ಸ್ ಅವರಿಗೆ 84. ಐದು ವರ್ಷಗಳ ನಂತರ, 1999ರ ಆಗಸ್ಟ್‌ನಲ್ಲಿ, ಕ್ಯಾಲಿಫೋರ್ನಿಯಾದ ಲಾಸ್ ಆಲ್ಟೋಸ್ ಹಿಲ್ಸ್‌ನಲ್ಲಿ ಅವರು ತೀರಿಕೊಂಡರು. ಅವರು ಹೋದ ಮೇಲೂ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆಯೊಂದು 2006ರಲ್ಲಿ ನಾರ್ತ್ರಾಪ್ ಗ್ರಮ್ಮನ್ ಕಂಪನಿಗೆ ಅಂಥದ್ದೇ ಪೈಲಟ್ ಇಲ್ಲದ ವಿಮಾನದ ವಿನ್ಯಾಸ ಒಪ್ಪಿಸಿತು. 2008ರಲ್ಲಿ ಅದನ್ನೂ ನಿಲ್ಲಿಸಿತು.

ಎಡಿ-1 ಕೊನೆಯ ಸಲ ಹಾರಿದ್ದು ಪ್ರಯೋಗಕ್ಕಲ್ಲ. ಅಮೆರಿಕದ ಆಶ್ಕಾಶ್ ಎಂಬ ಊರಿನಲ್ಲಿ ಪ್ರತಿ ವರ್ಷ ಹವ್ಯಾಸಿ ವಿಮಾನಗಾರರ ದೊಡ್ಡ ಮೇಳ ಸೇರುತ್ತದೆ. ತಮ್ಮ ಕೊಟ್ಟಿಗೆಯಲ್ಲೇ ವಿಮಾನ ಕಟ್ಟಿಕೊಂಡವರೂ ಅದನ್ನು ಹಾರಿಸಿಕೊಂಡು ಬರುವ ಜಾಗ. 1982ರಲ್ಲಿ ನಾಸಾ ಎಡಿ-1 ಅನ್ನು ಅಲ್ಲಿಗೆ ಒಯ್ದು, ನೆರೆದ ಜನರ ಮುಂದೆ ಹಲವು ಸಲ ಹಾರಿಸಿತು. ಆಗಸ್ಟ್ 7ರಂದು ಅದು ಕೊನೆಯದಾಗಿ ನೆಲಕ್ಕಿಳಿಯಿತು. ಈಗ ಕ್ಯಾಲಿಫೋರ್ನಿಯಾದ ಸ್ಯಾನ್ ಕಾರ್ಲೋಸ್ ಊರಿನ ಹಿಲ್ಲರ್ ವಿಮಾನ ವಸ್ತುಸಂಗ್ರಹಾಲಯದಲ್ಲಿದೆ. ಜೋನ್ಸ್ ಕೊನೆಗಾಲ ಕಳೆದ ಊರಿನಿಂದ ಅದು ಅರ್ಧ ಗಂಟೆಯ ದಾರಿ.